ಮೊದಲ ರೊಟ್ಟಿ ಉಬ್ಬದ ದಿನ

ಮಕ್ಕಳೇ, ನನ್ನ ಅತ್ತೆಗೆ, ಅಂದರೆ ನಿಮ್ಮ ಮುತ್ತಜ್ಜಿಗೆ, ಒಂದು ನಂಬಿಕೆ ಇತ್ತು. ಬೆಳಿಗ್ಗೆ ಹಂಚಿಗೆ ಹಾಕಿದ ಮೊದಲ ಜೋಳದ ರೊಟ್ಟಿ ಉಬ್ಬದಿದ್ದರೆ ಅಂದು ಬೇರೆ ಊರಿಗೆ ಹೋದವರ ಕೆಲಸ ಕೆಡುತ್ತದೆ. ಒಮ್ಮೆ ರೊಟ್ಟಿ ಚಪ್ಪಟೆಯಾದ ದಿನವೇ ನಿಮ್ಮ ಅಜ್ಜ ಕೊಟ್ಟೂರಿಗೆ ಹೊರಟ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಅದನ್ನು ಅತ್ತೆ ಮರೆಯಲೇ ಇಲ್ಲ. ರೊಟ್ಟಿ ಉಬ್ಬದ ದಿನವೂ ಅಜ್ಜ ನಗುತ್ತಾ ಹೋಗಿ ಕೆಲಸ ಮುಗಿಸಿ ಬಂದದ್ದು ಎಷ್ಟೋ ಸಲ. ಅದು ಮಾತ್ರ ಅವರ ನೆನಪಿನಲ್ಲಿ ಉಳಿಯುತ್ತಿರಲಿಲ್ಲ.

ರೊಟ್ಟಿ ಬಡಿಯುವವಳು ನಾನು. ಹಂಚು ಕಾಯುವ ಮೊದಲೇ ಹಾಕಿದರೆ ಉಬ್ಬುವುದಿಲ್ಲವೆಂದು ನನಗೆ ಗೊತ್ತಿತ್ತು, ಹೇಳುವ ಧೈರ್ಯ ಇರಲಿಲ್ಲ. ಒಲೆಯ ಹಿಂದಿನ ಗೂಡಿನಲ್ಲಿ ಎರಡು ತೆಂಗಿನ ಚಿಪ್ಪು ಇಟ್ಟೆ. ರೊಟ್ಟಿ ಉಬ್ಬದಿದ್ದರೂ ಅಜ್ಜನ ಕೆಲಸ ಆದರೆ ಬಲಗಡೆಯ ಚಿಪ್ಪಿಗೆ ಒಂದು ಹುಣಸೆ ಬೀಜ, ಕೆಟ್ಟರೆ ಎಡಗಡೆಯದಕ್ಕೆ.

ಆ ವರ್ಷ ನಮ್ಮೂರಿಗೆ ಬಾಲವಾಡಿ ಬಂತು. ಏಳನೇ ತರಗತಿ ಓದಿದ್ದ ನನ್ನನ್ನು ಟೀಚರ್ ಕೆಲಸದ ಸಂದರ್ಶನಕ್ಕೆ ಹಗರಿಬೊಮ್ಮನಹಳ್ಳಿಗೆ ಕರೆದಿದ್ದರು. ಅದೊಂದೇ ದಿನ, ತಪ್ಪಿದರೆ ಕೆಲಸ ಬೇರೆಯವರಿಗೆ. ಆ ಬೆಳಿಗ್ಗೆ ಗಡಿಬಿಡಿಯಲ್ಲಿ ಹಾಕಿದ ಮೊದಲ ರೊಟ್ಟಿ ಚರ್ಮದ ತುಂಡಿನಂತೆ ಬಿದ್ದುಕೊಂಡಿತು.

“ಇವತ್ತು ಬ್ಯಾಡವ್ವಾ. ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ,” ಅಂದರು ಅತ್ತೆ.

ನಾನು ಚಿಪ್ಪುಗಳನ್ನು ತಂದು ಅವರ ಮುಂದಿಟ್ಟೆ.

“ಏನಿವು? ಇವತ್ತು ಬೀಜದ ಸಾರು ಮಾಡ್ತೀಯೇನು?”

“ರೊಟ್ಟಿ ಉಬ್ಬದ ದಿನದ ಲೆಕ್ಕರೀ ಅತ್ತಿ. ಕೆಲಸ ಆಗಿದ್ದು ಹನ್ನೊಂದು, ಕೆಟ್ಟಿದ್ದು ಎರಡು.”

ಅತ್ತೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಅಯ್ಯ ಲೇ, ಬಾಯಿ ಇಲ್ಲದಾಕಿ ಅನ್ಕೊಂಡಿದ್ನಿ! ಇಷ್ಟು ದಿನ ನನ್ನ ಮ್ಯಾಲೆ ಪಹರೆ ಇಟ್ಟಿದ್ದೇನ?”

ಅವರು ನನ್ನನ್ನು ಸರಿಸಿ, ತಾವೇ ಕೂತು ಒಂದು ರೊಟ್ಟಿ ಬಡಿದು ಹಾಕಿದರು. ಅಷ್ಟರಲ್ಲಿ ಹಂಚು ಚೆನ್ನಾಗಿ ಕಾದಿತ್ತು. ರೊಟ್ಟಿ ಗುಂಡಗೆ ಉಬ್ಬಿತು.

“ನೋಡು, ಇದು ಮೊದಲನೇದು. ನೀ ಹಾಕಿದ್ದು ರೊಟ್ಟೀನ ಅಲ್ಲ. ನಡಿ ನಡಿ, ಬಸ್ಸು ಬರ್ತೈತಿ.”

ಸಂದರ್ಶನದಲ್ಲಿ ನಾನು ತಲೆಯೆತ್ತಲಿಲ್ಲ. ಮಕ್ಕಳಿಗೆ ಎಣಿಕೆ ಹೇಗೆ ಕಲಿಸುತ್ತೀ ಎಂದು ಕೇಳಿದಾಗ ಮಾತ್ರ ಮಾತು ಹೊರಟಿತು. ಹುಣಸೆ ಬೀಜ ಇಟ್ಟು ಕಲಿಸುತ್ತೇನೆ ಎಂದೆ. ಕೆಲಸ ಸಿಕ್ಕಿತು.

ಸಂಜೆ ಸುದ್ದಿ ಹೇಳಿದರೆ ಅತ್ತೆ ಓಣಿಗೆಲ್ಲ ಕೇಳುವಂತೆ ಅಂದರು, “ಸಿಗದ ಏನು? ನಾ ಬಡಿದ ರೊಟ್ಟಿ ಹೆಂಗ ಉಬ್ಬಿತ್ತು!”

ಹನ್ನೆರಡನೆಯ ಬೀಜವನ್ನು ಗುಟ್ಟಾಗಿ ಬಲಗಡೆಯ ಚಿಪ್ಪಿಗೆ ಹಾಕಿದೆ. ಆದರೂ ನಿಮಗೆ ಸುಳ್ಳು ಹೇಳಲಾರೆ. ನೀವು ಪರೀಕ್ಷೆಗೆ ಹೊರಡುವ ದಿನ ನಾನು ಹಂಚನ್ನು ತುಸು ಹೆಚ್ಚೇ ಕಾಯಿಸುತ್ತೇನೆ.