ವರ್ನಾ ಬರೆದ ಆ ಒಂದು ವಾಕ್ಯ

ಬೆಳಗಿನ ಆರು ಗಂಟೆ. ಅಮೆರಿಕದ ಮಿಸೌರಿಯ ಗುಡ್ಡಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ನಲವತ್ತು ಮೈಲಿ ಕಾರು ಓಡಿಸಿಕೊಂಡು ಬಂದ ವರ್ನಾ ಕೆಸ್ಲರ್, ಸರ್ಕಾರ ಮಕ್ಕಳನ್ನು ತಾತ್ಕಾಲಿಕವಾಗಿ ಇರಿಸುವ ಸಾಕುಮನೆಯೊಂದರ ಅಡುಗೆಮನೆಯಲ್ಲಿ ಎಂಟು ವರ್ಷದ ಹುಡುಗಿಯ ಎದುರು ಕೂತಿದ್ದಾರೆ. ಹುಡುಗಿ ಓಟ್ಸ್ ಕಲಕುತ್ತಿದ್ದಾಳೆ.

"ಮಿಸ್ ವರ್ನಾ, ಜಡ್ಜ್ ಹತ್ರ ನಾನೇ ಮಾತಾಡ್ಬೇಕಾ?"

"ಬೇಡ, ನಾನಿದೀನಲ್ಲ. ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ಕೂಗಾಡಿದೀನಿ ಕಣೇ, ಗಂಟಲು ಗಟ್ಟಿ ಇದೆ."

ಹುಡುಗಿ ನಗುತ್ತಾಳೆ. "ಹಾಗಾದ್ರೆ ನನ್ನನ್ನೂ ತಮ್ಮನನ್ನೂ ಒಂದೇ ಮನೇಲಿ ಬಿಡಿ ಅಂತ ಹೇಳಿ."

ವರ್ನಾ ಅದನ್ನು ಹಾಗೆಯೇ ಬರೆದುಕೊಳ್ಳುತ್ತಾರೆ.

ಹೊಡೆತ ತಿಂದ, ಉಪವಾಸ ಬಿದ್ದ ಮಕ್ಕಳನ್ನು ಸರ್ಕಾರ ಹೆತ್ತವರಿಂದ ಬಿಡಿಸಿ ತಂದಾಗ, ಆ ಮಕ್ಕಳ ಪರವಾಗಿ ನ್ಯಾಯಾಲಯದಲ್ಲಿ ಮಾತಾಡುವ ಸ್ವಯಂಸೇವಕಿ ಈಕೆ. ವಕೀಲೆಯಲ್ಲ, ಸಂಬಳವೂ ಇಲ್ಲ. ಮಗುವನ್ನು, ಮನೆಯವರನ್ನು, ಟೀಚರನ್ನು ಕಂಡು ವರದಿ ಬರೆಯುವುದು ಕೆಲಸ. ಹದಿನಾಲ್ಕು ವರ್ಷಗಳಲ್ಲಿ ಇಪ್ಪತ್ತಮೂರು ಮಕ್ಕಳು. ಈಗ ವಯಸ್ಸು ಎಪ್ಪತ್ತೊಂದು.

"ಚಳಿಗಾಲದಲ್ಲೂ ಕೋಟಿಲ್ದೆ ಬಸ್ ಹತ್ತೋ ಮಕ್ಕಳನ್ನ ಕನ್ನಡೀಲಿ ನೋಡ್ತಿದ್ದೆ. ಇಳಿಸಿ ಮುಂದೆ ಹೋಗ್ತಿದ್ದೆ. ರಿಟೈರ್ ಆದ್ಮೇಲೆ ಆ ಮುಖಗಳು ಕಾಡೋಕೆ ಶುರುವಾದ್ವು."

ಆ ಮುಖಗಳಿಗಿಂತ ಹೆಚ್ಚು ಕಾಡುವವರು ಅಕ್ಕತಂಗಿಯರಾದ ಕೊರಿನ್ ಮತ್ತು ಟ್ರೂಡಿ. (ಹೆಸರು ಬದಲಿಸಿದೆ.) ಹನ್ನೊಂದು ವರ್ಷದ ಹಿಂದಿನ ಮಾತು. ಕೊರಿನ್‌ಗೆ ಒಂಬತ್ತು, ಟ್ರೂಡಿಗೆ ಮೂರು. ತಾಯಿ ದಿನಗಟ್ಟಲೆ ಮನೆಗೆ ಬಾರದಿದ್ದಾಗ ಕೊರಿನ್ ಕಾರ್ನ್‌ಫ್ಲೇಕ್ಸನ್ನು ನಲ್ಲಿನೀರಲ್ಲಿ ನೆನೆಸಿ ತಂಗಿಗೆ ತಿನ್ನಿಸಿ ಸಾಕಿದ್ದಳು. ಸಾಕುಮನೆಗೆ ಬಂದ ಮೇಲೂ ತಂಗಿಯ ಚಮಚವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ.

ವರ್ನಾ ವರದಿಯಲ್ಲಿ ಬರೆದರು: 'ತಾಯಿಯಾಗಿದ್ದು ಸಾಕು, ಕೊರಿನ್ ಇನ್ನು ಮಗುವಾಗಿ ಬೆಳೆಯಲಿ, ಇಬ್ಬರನ್ನೂ ಬೇರೆ ಬೇರೆ ಮನೆಗೆ ಕೊಡುವುದು ಒಳ್ಳೆಯದು.' ನ್ಯಾಯಾಧೀಶರು ಒಪ್ಪಿದರು.

"ಕೊರಿನ್‌ನ ಒಂದು ಮಾತೂ ಕೇಳ್ಲಿಲ್ಲ ನಾನು. ಕೊನೇ ದಿನ ಅವಳು, 'ತಂಗಿಗೆ ಬ್ರೆಡ್ಡಿನ ಅಂಚು ಸೇರಲ್ಲ, ಅವರಿಗೆ ಯಾರು ಹೇಳ್ತಾರೆ?' ಅಂದ್ಲು. ಬರ್ಕೊಡು ಅಂದೆ. ನಾಲ್ಕು ಪುಟ ಬರೆದ್ಲು. ಅದನ್ನ ಓದ್ದಾಗ್ಲೇ ತಪ್ಪು ಮಾಡ್ತಿದೀನಿ ಅಂತ ನಂಗೆ ಗೊತ್ತಾಗ್ಬೇಕಿತ್ತು. ಗೊತ್ತಾಗ್ಲಿಲ್ಲ. ಟ್ರೂಡಿಯ ಹೊಸ ಮನೆಯವರಿಗೆ ಕೊಟ್ಟು ಬಂದ್ಬಿಟ್ಟೆ."

ಟ್ರೂಡಿಯನ್ನು ದತ್ತು ಪಡೆದವರು ದೂರದ ಒರೆಗಾನಿಗೆ ಹೋದರು. ಒಂದು ವರ್ಷ ಕೊರಿನ್‌ಗೆ ಪತ್ರ ಬಂತು, ಆಮೇಲೆ ನಿಂತಿತು. ದತ್ತು ಹೋದ ಮಗುವಿನ ವಿಳಾಸ ಕೊಡಲು ಕಾನೂನು ಬಿಡುವುದಿಲ್ಲ. ಹೋದ ವರ್ಷ ಹತ್ತೊಂಬತ್ತರ ಕೊರಿನ್, ತಂಗಿಯೆಲ್ಲಿ ಎಂದು ಕೇಳಿಕೊಂಡು ವರ್ನಾರ ಮನೆಗೇ ಬಂದಳು.

"ವಿಳಾಸ ಕೊಡೋಕಾಗಲ್ಲ ಅಂದೆ. 'ನೀವು ಒಳ್ಳೇದಕ್ಕೇ ಮಾಡಿದ್ರಿ' ಅಂತ ಅವಳೇ ನಂಗೆ ಸಮಾಧಾನ ಹೇಳಿದ್ಲು. ಅದನ್ನ ಕೇಳೋದು ಇನ್ನೂ ಕಷ್ಟ ಆಯ್ತು."

ಹತ್ತು ಗಂಟೆಗೆ ನ್ಯಾಯಾಲಯದಲ್ಲಿ ವರ್ನಾ ಎದ್ದು ನಿಂತು ಮೊದಲು ಓದುವುದು ಹುಡುಗಿಯ ಮಾತನ್ನೇ. ಮುಂದಿನ ಆರು ತಿಂಗಳು ಅಕ್ಕ-ತಮ್ಮ ಒಂದೇ ಮನೆಯಲ್ಲಿರಲಿ ಎಂದು ಆದೇಶವಾಗುತ್ತದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಾರೆ. ಮುಖದಲ್ಲಿ ಗೆದ್ದ ಕಳೆಯಿಲ್ಲ.

"ಟ್ರೂಡಿಗೆ ಹದಿನೆಂಟಾಗೋಕೆ ಇನ್ನೂ ನಾಲ್ಕು ವರ್ಷ. ಆಗ ಕಾನೂನು ಬಿಡುತ್ತೆ, ಅವಳು ಬಂದು ಕೇಳಿದ್ರೆ ಕೊಡ್ಲಿ ಅಂತ ಕೋರ್ಟಲ್ಲಿರೋ ಅವಳ ಫೈಲಲ್ಲಿ ಒಂದು ಪತ್ರ ಇಟ್ಟಿದೀನಿ. ಅಕ್ಕನ ಫೋನ್ ನಂಬರ್ ಇದೆ. ನಿನ್ನನ್ನ ಬಿಟ್ಟಿದ್ದು ಅವಳಲ್ಲ, ನಾನು ಅಂತಾನೂ ಬರ್ದಿದೀನಿ. ಅವಳು ಬಂದು ಕೇಳಿದ್ರೆ ಸಾಕು."