ಮೂವತ್ತು ಮಂದಿಯ ಕೈಬರಹ

ಎಡಗಣ್ಣನ್ನು ಅರ್ಧ ಮುಚ್ಚಿ, ಕಾಗದವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದೇ ಅಕ್ಕ ಓದುತ್ತಿದ್ದುದು. ಮರಾಠಿ ಊರಾದ ಧನಕವಡಿಯ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದಾಗ ಅವಳಿಗೆ ಇಪ್ಪತ್ತಾರು, ನನಗೆ ಹದಿನೆಂಟು. ಬಿಜಾಪುರದಲ್ಲಿ ಗಣಿತದ ಪದವಿ, ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಶಿವಾಜಿನಗರದ ಕಾಲೇಜೊಂದರಲ್ಲಿ ಪಿಎಚ್.ಡಿ.ಗೆ ಸೇರಿದ್ದಳು. ಕಂಪ್ಯೂಟರಿಗೆ ಕನ್ನಡದ ಕೈಬರಹ ಓದಲು ಕಲಿಸುವುದು ಅವಳ ವಿಷಯ. ತೊಂಬತ್ತರ ದಶಕದ ಕೊನೆ ಅದು. ಕೃತಕ ಬುದ್ಧಿಮತ್ತೆ ಎಂದರೆ ನಮ್ಮಪ್ಪ, "ದೇವರು ಕೊಟ್ಟ ಬುದ್ಧೀನ ಹೆಚ್ಚಾಗೇದ, ಮತ್ತ ಕೃತಕದ್ದೊಂದ್ಯಾಕ್ರಿ?" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಯಂತ್ರ 'ಅಕ್ಕ' ಎಂಬುದನ್ನು 'ಅಕ' ಎಂದು ಓದಿದ ದಿನ, "ಒತ್ತು ನುಂಗ್ಯಾನ ನೋಡು ಕಳ್ಳ!" ಎಂದು ಹೇಳಲು ಮೆಟ್ಟಿಲಿಳಿದು ಓಡಿ ಬಂದಿದ್ದಳು.

"ಅದು ಕೂಸಿದ್ದಂಗ, ತಂಗಿ. ಒಬ್ಬರ ಕೈ ತೋರಿಸಿದ್ರ ಅವರದಷ್ಟ ಕಲೀತದ. ನೂರು ಮಂದೀದು ತೋರಸಬೇಕು" ಎಂದು ನನಗೆ ಮೂವತ್ತು ಖಾಲಿ ಹಾಳೆ ಕೊಟ್ಟಳು. ಕನ್ನಡದವರ ಮನೆಗಳಿಗೆ, ಉಡುಪಿ ಹೋಟೆಲುಗಳಿಗೆ ಹೋಗಿ ಒಬ್ಬೊಬ್ಬರಿಂದ ಒಂದೊಂದು ಹಾಳೆಯಲ್ಲಿ ವರ್ಣಮಾಲೆ ಬರೆಸಿ ತರಬೇಕಿತ್ತು. ಐದು ಮನೆ ತಿರುಗುವಷ್ಟರಲ್ಲಿ ನನಗೆ ಬೇಸರ ಬಂತು. ಉಳಿದ ಇಪ್ಪತ್ತೈದನ್ನು ಪೆನ್ನು ಬದಲಿಸಿ, ಅಕ್ಷರ ವಾಲಿಸಿ, ನಾನೇ ಬರೆದುಬಿಟ್ಟೆ. "ಭಾಳ ಉಪಕಾರ ಆತು" ಎಂದು ಅವಳು ನನ್ನ ಗಲ್ಲ ಹಿಂಡಿದಳು.

ಪ್ರಬಂಧ ಸಲ್ಲಿಸಲು ಆರು ತಿಂಗಳಿದ್ದಾಗ ಗೈಡ್ ಹೊಸಬರ ಬರಹ ಕೊಟ್ಟು ಪರೀಕ್ಷಿಸಿದರು. ಯಂತ್ರ ಸಾಲುಸಾಲಾಗಿ ತಪ್ಪಿತು. ಮೂರು ದಿನ ಹಾಳೆಗಳನ್ನೆಲ್ಲ ತಿರುವಿ ಹಾಕಿದ ಅಕ್ಕ ಕಟ್ಟು ಹಿಡಿದು ಕೆಳಗೆ ಬಂದಳು.

"ಈ ಇಪ್ಪತ್ತೈದು ಮಂದೀನೂ 'ಣ' ಒಂದ ಥರ ಸುತ್ತತಾರಲ್ಲ, ಯಾರಿವರು?"

ನಾನು ಕೈಯಲ್ಲಿದ್ದ ಪೆನ್ನನ್ನು ಬೆನ್ನ ಹಿಂದೆ ಸರಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. "ಇರಲಿ ಬಿಡು. ನಾನ ಹೋಗಿ ಬರಸ್ಕೊಂಡು ಬರ್ತೀನಿ" ಎಂದಳು, ಅಷ್ಟೇ.

ಏಪ್ರಿಲ್ ಬಿಸಿಲಲ್ಲಿ ಬಸ್ಸು ಹತ್ತಿ ವಿಮಾನ ನಗರದವರೆಗೂ ಅಲೆದಳು. ಜೊತೆಗೆ ಬರುತ್ತೇನೆಂದರೆ ಬೇಡವೆಂದಳು. ಜ್ವರ ಬಂತು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆದರೂ "ಇನ್ನ ನಾಕ ಮಂದಿ ಉಳದಾರ" ಎಂದು ಹೊರಡುತ್ತಿದ್ದಳು. ಕಾಮಾಲೆ ಎಂದು ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ಹೋಗಿಬಿಟ್ಟಳು.

ಸಾಮಾನು ಒಯ್ಯಲು ಬಿಜಾಪುರದಿಂದ ಅವಳ ತಂದೆ ಬಂದರು. ಇಂಗ್ಲಿಷ್ ಬಾರದ ಅವರು ಪ್ರಬಂಧದ ಕರಡಿನ ಮೊದಲ ಪುಟವನ್ನು ನನ್ನ ಮುಂದೆ ಹಿಡಿದು, "ಏನ ಬರದಾಳ, ಓದವ್ವಾ" ಎಂದರು. ಅದು ಉಪಕಾರ ಸ್ಮರಣೆ. ಗೈಡ್, ತಾಯಿ-ತಂದೆ, ಕೊನೆಗೊಂದು ಸಾಲು: ಮನೆಮನೆ ತಿರುಗಿ ಅಕ್ಷರ ತಂದುಕೊಟ್ಟ ತಂಗಿಗೆ. ಎಲ್ಲ ತಿಳಿದ ಮೇಲೂ ಅವಳು ಅದನ್ನು ಹೊಡೆದುಹಾಕಿರಲಿಲ್ಲ. ಕನ್ನಡದಲ್ಲಿ ಹೇಳಿ ಮುಗಿಸಿ ಪುಟವನ್ನು ಅವರ ಕೈಗೆ ಮರಳಿಸಿದೆ.

"ಯಾರವ್ವಾ ಆ ತಂಗಿ? ಒಮ್ಮೆ ಭೆಟ್ಟಿಯಾಗಿ, ಕೈ ಮುಗದು ಹೋಗತಿದ್ದೆ."

"ಗೊತ್ತಿಲ್ರಿ ಕಾಕಾ" ಎಂದೆ.