ಬಾಲವಿದ್ದ ಮಣಿಗಳು

ನನ್ನ ಕೈಗುಣದ ಬಗ್ಗೆ ನಮ್ಮ ಪ್ರಯೋಗಾಲಯದಲ್ಲಿ ಸಣ್ಣದೊಂದು ಹೆಸರಿತ್ತು. ಹಾಗೇನಿಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದೆ, ಒಳಗೊಳಗೇ ಹಿಗ್ಗುತ್ತಿದ್ದೆ. ಹೊಟ್ಟೆಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾಗಳನ್ನು ಪುಟ್ಟ ಮಣಿಗಳೊಳಗೆ ಕೂರಿಸುವುದು ನನ್ನ ಪಿಎಚ್‌ಡಿಯ ಕೆಲಸ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ಕದಡಿ, ಬ್ಯಾಕ್ಟೀರಿಯಾ ಬೆರೆಸಿ, ಸೂಜಿಯಿಂದ ಹನಿಹನಿಯಾಗಿ ಕ್ಯಾಲ್ಸಿಯಂ ದ್ರಾವಣಕ್ಕೆ ಬೀಳಿಸಬೇಕು. ಬಿದ್ದ ಹನಿ ಅಲ್ಲೇ ಗಟ್ಟಿಯಾಗಿ ಮಣಿಯಾಗುತ್ತದೆ. ಸೂಜಿಯ ಸುತ್ತ ಗಾಳಿ ಊದಿದಷ್ಟೂ ಹನಿ ಬೇಗ ಕಳಚಿ ಮಣಿ ಚಿಕ್ಕದಾಗುತ್ತದೆ. ದಪ್ಪವಾದರೆ ಪಾನೀಯದಲ್ಲಿ ಬೆರೆಸಿ ಕುಡಿಯುವವರ ನಾಲಿಗೆಗೆ ಮರಳಿನ ಹಾಗೆ ಸಿಗುತ್ತದೆ. ತೀರಾ ಸಣ್ಣದಾದರೆ ಹೊಟ್ಟೆಯ ಆಮ್ಲ ಒಳಗಿರುವುದನ್ನು ಬದುಕಲು ಬಿಡುವುದಿಲ್ಲ. ನನ್ನ ಮಣಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಿಲಿಮೀಟರಿನವು. ಆ ವಿಧಾನದ ಮೇಲೆ ನನ್ನದೊಂದು ಲೇಖನವೂ ಪ್ರಕಟವಾಗಿತ್ತು.

ನನ್ನ ನಂತರ ಸೇರಿದ ಕಿರಿಯಳೊಬ್ಬಳು ಅದೇ ವಿಧಾನ ಹಿಡಿದು ಮುಂದಿನ ಕೆಲಸ ಮಾಡಬೇಕಿತ್ತು. ಮಂಡಿ ಮೊಹಲ್ಲಾದ ಕ್ಯಾಥೊಲಿಕ್ ಮನೆಯ ಹುಡುಗಿ, ಮಾತು ಕಡಿಮೆ. ಮೂರು ತಿಂಗಳಾದರೂ ಅವಳ ಮಣಿಗಳು ಒಂದು ಅಳತೆಗೆ ಬರಲಿಲ್ಲ. ಕೆಲವು ಗಸಗಸೆಯಷ್ಟು, ಕೆಲವು ಸಾಸಿವೆಗಿಂತ ದಪ್ಪ, ಇನ್ನು ಕೆಲವಕ್ಕೆ ಗೊದಮೊಟ್ಟೆಯ ಹಾಗೆ ಬಾಲ.

“ಅದೇ ಸೂಜಿ, ಅದೇ ಪಂಪು. ಅವಳಿಗೆ ಬರೋದು ನಿಂಗ್ಯಾಕೆ ಬರಲ್ಲ?” ಎಂದು ಮೇಡಂ, ನಮ್ಮಿಬ್ಬರ ಮಾರ್ಗದರ್ಶಕರು, ನನ್ನೆದುರಿಗೇ ಅವಳನ್ನು ಕೇಳಿದ್ದರು. ಸೋಮವಾರ ಪರಿಶೀಲನಾ ಸಮಿತಿ ಕೂರಲಿತ್ತು. ಈ ಸಲವೂ ಅಳತೆ ಕೂಡಿಬರದಿದ್ದರೆ ಅವಳ ನೋಂದಣಿ ಮುಂದುವರಿಯುವುದು ಕಷ್ಟ ಎಂದೂ ಹೇಳಿದ್ದರು.

ಅವಳ ಬಗ್ಗೆ ನನಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿದ್ದು ಭಯ. ಇವಳಿಗೆ ಬಾರದ್ದು ಬೇರೆ ಊರಿನಲ್ಲಿ ನನ್ನ ಲೇಖನ ಓದಿ ಮಾಡುವವರಿಗೂ ಬಾರದಿದ್ದರೆ? ಆ ಯೋಚನೆ ಬಂದಾಗಲೆಲ್ಲ ಅವಳ ಮೇಲೇ ಸಿಡುಕುತ್ತಿದ್ದೆ.

ಭಾನುವಾರ ಅವಳು ಚರ್ಚಿನಲ್ಲಿ ಬೆಳಗಿನ ಬಲಿಪೂಜೆ ಮುಗಿಸಿ ನೇರವಾಗಿ ಪ್ರಯೋಗಾಲಯಕ್ಕೆ ಬಂದಳು. ನಾನೂ ಹೋದೆ. ಸೂಜಿ, ಅದರ ಎತ್ತರ, ಗಾಳಿಯ ವೇಗ, ದ್ರಾವಣದ ಗಟ್ಟಿತನ ಎಲ್ಲ ನೋಡಿದೆ. ಎಲ್ಲಿಯೂ ತಪ್ಪಿರಲಿಲ್ಲ. “ನೀನು ಸ್ವಲ್ಪ ಆಚೆ ಸರಿ, ನಾನೇ ಮಾಡಿ ತೋರಿಸ್ತೀನಿ” ಎಂದು ಕೂತೆ. ಮಣಿಗಳಾದವು. ಒಂದು ಚಮಚದಷ್ಟು ತಟ್ಟೆಗೆ ತೆಗೆದು, ಚಿಮಟದಿಂದ ಸರಿಮಾಡಿ, ಸೂಕ್ಷ್ಮದರ್ಶಕದ ಕೆಳಗೆ ಇಡಲು ಹೊರಟೆ.

“ಅಕ್ಕಾ, ಅದನ್ಯಾಕೆ ತೆಗೆದ್ಬುಟ್ರಿ?” ಎಂದಳು.

“ಯಾವುದನ್ನ?”

“ಈಗ ಆಚೆ ಹಾಕಿದ್ರಲ್ಲ. ನಾಲ್ಕೈದು.”

“ಬಾಲ ಇತ್ತು ಕಣೇ. ಅದೇನು ಮಣೀನಾ?”

ಹಾಗೆಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ತಟ್ಟೆಯ ಪಕ್ಕದ ಕಾಗದದ ಮೇಲೆ ದಪ್ಪನೆಯವು, ಬಾಲದವು, ಚೂರುಗಳು ಗುಡ್ಡೆಯಾಗಿದ್ದವು. ನಾಲ್ಕೈದಲ್ಲ, ಹೆಚ್ಚೇ ಇದ್ದವು. ಏಳೆಂಟು ವರ್ಷದವಳಿದ್ದಾಗಿನಿಂದ ಅಮ್ಮನ ಜೊತೆ ಮೊರದ ಮುಂದೆ ಕೂತು ಅಕ್ಕಿ ಆರಿಸಿದವಳು ನಾನು. ಕಲ್ಲು, ನೆಲ್ಲು, ನುಚ್ಚು ಕಣ್ಣಿಗೆ ಬೀಳುವ ಮೊದಲೇ ಬೆರಳು ಆಚೆ ಹಾಕಿರುತ್ತದೆ. ಎರಡು ವರ್ಷ ಪ್ರತಿ ಅಳತೆಗೂ ಮುನ್ನ ಇದನ್ನೇ ಮಾಡಿದ್ದೆ. ಅದು ನನಗೆ ಮೋಸ ಎಂದು ಒಂದು ದಿನವೂ ಅನಿಸಿರಲಿಲ್ಲ, ಶುಚಿ ಅನಿಸಿತ್ತು.

ಆರಿಸದೆ ಎಲ್ಲವನ್ನೂ ಅಳೆದೆವು. ನನ್ನ ಅಂಕಿಗಳು ಅವಳ ಅಂಕಿಗಳ ಹಾಗೇ ಚೆಲ್ಲಾಪಿಲ್ಲಿಯಾಗಿ ಬಂದವು. “ಮೇಡಂಗೆ ನಾನು ಹೇಳ್ತೀನಿ” ಎಂದೆ.

ರಾಮಕೃಷ್ಣನಗರದ ಮನೆಗೆ ಹೋದ ಮೇಲೂ ಅದೇ ಯೋಚನೆ. ಲೇಖನ ಹಿಂದಕ್ಕೆ ಪಡೆಯಬೇಕಾದೀತು, ಪಿಎಚ್‌ಡಿ ನಿಂತೀತು, ಮಗಳು ಡಾಕ್ಟರೇಟ್ ಪಡೆಯುತ್ತಾಳೆಂದು ಅಪ್ಪ ಈಗಾಗಲೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಒಂದು ನೀಚ ಯೋಚನೆಯೂ ಬಂತು: ಅವಳಿಗೂ ಆರಿಸುವುದನ್ನು ಕಲಿಸಿಬಿಟ್ಟರೆ ಎಲ್ಲ ಸರಿಹೋಗುತ್ತದಲ್ಲ. ಅದರ ಜೊತೆ ಸಂಜೆಯವರೆಗೂ ಕೂತಿದ್ದೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಸೋಮವಾರ ಬೆಳಿಗ್ಗೆ ಮೇಡಂ ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದೆ. ಒಂದೇ ಉಸಿರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೂರಕ್ಕೆ ಎಷ್ಟು ತೆಗೀತಿದ್ದೆ?”

“ಎಣಿಸಿಲ್ಲ ಮೇಡಂ.”

“ಅದನ್ನೂ ಸಮಿತಿ ಮುಂದೆ ನೀನೇ ಹೇಳು.”

ಹೇಳಿದೆ. ಲೇಖನಕ್ಕೆ ತಿದ್ದುಪಡಿ ಕಳಿಸುವುದು, ಆ ಅಧ್ಯಾಯವನ್ನು ಮೊದಲಿಂದ ಮಾಡುವುದು ಎಂದು ತೀರ್ಮಾನವಾಯಿತು. ಅವಳ ಅಳತೆಗಳು ಸರಿಯೆಂದು ಒಪ್ಪಿ ನೋಂದಣಿ ಮುಂದುವರಿಸಿದರು. ಹೊರಗೆ ಬಂದಾಗ ಹಗುರವಾದಂತಿತ್ತು. ಅವಳು ನನ್ನನ್ನು ಹೊಗಳಬಹುದು ಎಂದೂ ಸ್ವಲ್ಪ ಕಾದೆ.

ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದು ಕೊಟ್ಟಳು. ಅದರಲ್ಲಿ ಐವತ್ತು ಮಣಿಗಳ ಅಳತೆ, ಎಲ್ಲ ಹೆಚ್ಚುಕಡಿಮೆ ಒಂದೇ, ಕೆಳಗೆ ಸರಾಸರಿ. ನನ್ನ ಲೇಖನದ್ದಕ್ಕೂ ಅದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ.

“ಇದ್ಯಾವಾಗ ಅಳೆದೆ?”

“ಅಳೆದಿಲ್ಲ ಅಕ್ಕ. ಶನಿವಾರ ಮನೇಲಿ ಕೂತು ಬರೆದೆ. ನಿನ್ನೆ ನೀವು ಲ್ಯಾಬಿಗೆ ಬರದೇ ಇದ್ದಿದ್ರೆ ಇವತ್ತು ಇದನ್ನೇ ಕೊಡ್ತಿದ್ದೆ.”

ಮೂರು ತಿಂಗಳು ನಿಜವನ್ನೇ ಬರೆದು ಬೈಸಿಕೊಂಡ ಹುಡುಗಿ. ಹರಿದು ಹಾಕು ಎನ್ನಲು ನನಗೆ ಮುಖವಿರಲಿಲ್ಲ.